ಶುಕ್ರನಿಗಾಗಿ ನಿಂತ ಹೊಗೆ

ಕಾಲ್ಡನ್‌ಬ್ರಿಗ್, ಯಾರ್ಕ್‌ಷೈರ್
೧೭ ಮಾರ್ಚ್ ೧೮೮೩

ಪ್ರೀತಿಯ ಅಮ್ಮಾ,

ನ್ಯಾಯಾಲಯದ ಮೆಟ್ಟಿಲು ಹತ್ತಬೇಡ ಎಂದು ನೀನು ಬರೆದ ಕಾಗದ ಮಂಗಳವಾರವೇ ಬಂತು. ನಿನ್ನೆ ಹತ್ತಿದೆ. ಅಪ್ಪನ ಕಾಗದ ಮೊದಲು ತಲುಪಿದ್ದರೆ, ಮಗಳು ಮನೆಯ ಮಾನ ಕಳೆದಳು ಎಂದು ಓದಿರುತ್ತೀಯ. ಹಾಗೇನೂ ಆಗಿಲ್ಲ. ಅಪ್ಪನ ಮಾನ ಮೊದಲಿಗಿಂತ ಹೆಚ್ಚಾಗಿದೆ. ಹೇಗೆ ಹೆಚ್ಚಿತು ಎಂದು ಹೇಳಲು ಕೂತಿದ್ದೇನೆ.

ಡಾಕ್ಟರ್ ಫೆಂಟನ್ ಅವರ ದೂರು ನಿನಗೆ ಗೊತ್ತೇ ಇದೆ. ನಮ್ಮ ಗಿರಣಿಯ ಹೊಗೆಯಿಂದ ಕೆಳಕೇರಿಯ ಮಕ್ಕಳು ಎದೆ ಕಟ್ಟಿ ಸಾಯುತ್ತಿದ್ದಾರೆ, ಹೊಗೆ ಇಳಿಸುವಂತೆ ಆಜ್ಞೆ ಕೊಡಿ ಎಂದು. ಅಪ್ಪನ ಉತ್ತರ ಹಳೆಯದು. ಎಂಜಿನ್ ಓಡಬೇಕಾದರೆ ಹೊಗೆ ಏಳಲೇಬೇಕು, ಪ್ರಕೃತಿಯ ನಿಯಮವನ್ನು ಕಾಯಿದೆ ಬದಲಿಸದು ಎಂದು ಪಾರ್ಲಿಮೆಂಟಿನಲ್ಲೇ ಹೇಳಿದ್ದರಲ್ಲ. ವಿಜ್ಞಾನ ಬಲ್ಲ ಮನುಷ್ಯ ಹೇಳಿದ ಮೇಲೆ ಮುಗಿಯಿತು, ಎಲ್ಲರೂ ನಂಬಿದರು. ನಾನೂ ನಂಬಿದೆ. ತಮ್ಮ ಲಿಯೊನೆಲನ ಎದೆ ಕೆಟ್ಟಾಗ ಅವನನ್ನೂ ನಿನ್ನನ್ನೂ ಟಾರ್ಕೀಯ ಸಮುದ್ರದ ಗಾಳಿಗೆ ಕಳಿಸಿದರಲ್ಲ, ಆಗಲೂ ನನಗೆ ಏನೂ ಹೊಳೆಯಲಿಲ್ಲ.

ಡಿಸೆಂಬರಿನಲ್ಲಿ ಶುಕ್ರ ಸೂರ್ಯನ ಮುಂದೆ ಹಾದುಹೋಗುವ ದಿನ ಬಂತು. ಇನ್ನು ನೂರಿಪ್ಪತ್ತೆರಡು ವರ್ಷ ಯಾರಿಗೂ ಈ ಭಾಗ್ಯವಿಲ್ಲ ಎಂದು ಅಪ್ಪ ಊಟ ಮರೆತು ಓಡಾಡಿದರು. ತೋಟದ ದೂರದರ್ಶಕವನ್ನು ಆಳುಗಳಿಗೆ ಮುಟ್ಟಗೊಡದೆ ತಾವೇ ಒರೆಸಿದರು. ನಾನು ಹ್ಯಾರೊಗೇಟಿನ ಶಾಲೆ ಬಿಟ್ಟು ಓಡಿಬಂದಾಗ ನೀನು ವಾರವಿಡೀ ಅತ್ತೆ. ಅವರೋ, ‘ಬಿಡೇ, ಅಲ್ಲಿ ನೆಟ್ಟಗೆ ಕೂರೋದು ಬಿಟ್ಟು ಬೇರೇನು ಕಲಿಸ್ತಾರೆ? ನನ್ನ ಜೊತೆ ಆಕಾಶ ನೋಡು ಬಾ’ ಎಂದಿದ್ದರು. ಅದನ್ನು ನಾನು ಮರೆತಿಲ್ಲ. ಮರೆಯಲಾಗುವುದಿಲ್ಲ, ಅದೇ ಕಷ್ಟ.

ಹಿಂದಿನ ದಿನ ನನ್ನನ್ನೂ ಕರೆದುಕೊಂಡು ಬಾಯ್ಲರ್ ಮನೆಗೆ ಇಳಿದರು. ಬೆಂಕಿ ನೋಡಿಕೊಳ್ಳುವ ಏಮೋಸ್ ರೊಟ್ಟಿಗೆ ಹಂದಿಕೊಬ್ಬು ಸವರುತ್ತಿದ್ದ. ಅಪ್ಪ ಕೋಟು ತೆಗೆದು, ಸಲಿಕೆ ಹಿಡಿದು ತೋರಿಸಿದರು: ಒಳ್ಳೆಯ ಕಲ್ಲಿದ್ದಲು ತರಿಸಿದ್ದೇನೆ, ಒಮ್ಮೆಲೇ ಸುರಿಯಬೇಡ, ಇಷ್ಟಿಷ್ಟೇ ಹಾಕು, ಗಾಳಿಯ ಬಾಗಿಲು ತೆರೆದಿಡು. ಎಂಜಿನ್ ನಿಲ್ಲಬಾರದು, ಒಂದೆಳೆ ಹೊಗೆಯೂ ಕಾಣಬಾರದು.

‘ಯಾರಿಗೆ ಧಣಿ ಇಷ್ಟು ಉಪಚಾರ? ರಾಣಿಯಮ್ಮ ಬರ್ತಾರಾ?’ ಎಂದ ಏಮೋಸ್.

‘ಶುಕ್ರ ಬರ್ತಾನೆ ಕಣೋ.’

‘ಪಾಪ, ಅವನಿಗೂ ಕೆಮ್ಮಾ ಧಣಿ?’

ಅಪ್ಪ ನಕ್ಕರು. ನಾನೂ ನಕ್ಕೆ.

ಮರುದಿನ ಮಗ್ಗಗಳೆಲ್ಲ ಓಡುತ್ತಿದ್ದವು, ಚಿಮಣಿ ಮಾತ್ರ ಭಾನುವಾರದ ಹಾಗೆ ಸುಮ್ಮನಿತ್ತು. ಕೆಳಕೇರಿಯ ಹೆಂಗಸರು ಒಗೆದ ಬಟ್ಟೆಯನ್ನು ಹೊರಗೆ ಒಣಹಾಕಿದರು. ‘ಏನೇ ಇದು, ಗಿರಣಿ ದಿವಾಳಿ ಎದ್ದಿತಾ? ಆಕಾಶ ಕಾಣ್ತಿದೆ!’ ಎಂದು ಒಬ್ಬಳು ಕೂಗಿದ್ದು ನಮ್ಮ ತೋಟಕ್ಕೂ ಕೇಳಿತು. ಮಧ್ಯಾಹ್ನ ಕಪ್ಪು ಗಾಜಿನಲ್ಲಿ ನಾನೂ ನೋಡಿದೆ, ಸೂರ್ಯನ ಕೆನ್ನೆಯ ಮೇಲೆ ದೃಷ್ಟಿಬೊಟ್ಟಿನಷ್ಟು ಶುಕ್ರ. ಅಪ್ಪ ಅಳುತ್ತಿದ್ದರು.

ಗುರುವಾರ ಬೆಳಿಗ್ಗೆ ಮತ್ತೆ ಅದೇ ಹೊಗೆ. ಯಾಕೆ ಎಂದು ಕೇಳಿದೆ. ‘ಒಂದು ದಿನದ ಖರ್ಚು ಬೇರೆ, ದಿನಾ ಮಾಡೋ ಖರ್ಚು ಬೇರೆ. ನಿನಗೆ ಅರ್ಥ ಆಗಲ್ಲ’ ಎಂದರು. ಅರ್ಥವಾಗಿತ್ತು ಅಮ್ಮ. ಅಂದೇ ಡಾಕ್ಟರ್ ಮನೆಗೆ ನಡೆದೆ.

ನಿನ್ನೆ ನ್ಯಾಯಾಲಯದಲ್ಲಿ ಡಿಸೆಂಬರಿನಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಏಮೋಸನನ್ನು ಸಾಕ್ಷಿಗೆ ಕರೆಯಬೇಡಿ, ಅವನ ಮನೆ ತುಂಬ ಮಕ್ಕಳು ಎಂದು ನಾನೇ ಡಾಕ್ಟರನ್ನು ಬೇಡಿಕೊಂಡಿದ್ದೆ. ಕೆಳಕೇರಿಯವರೆಲ್ಲ ಗಿರಣಿಯ ಕೂಲಿ ನಂಬಿದವರು, ಯಾರೂ ಮುಂದೆ ಬರಲಿಲ್ಲ. ಹಾಗಾಗಿ ಸಾಕ್ಷಿ ನಾನೊಬ್ಬಳೇ. ಅಪ್ಪನ ವಕೀಲ ಕೇಳಿದ, ‘ಶಾಲೆ ನೀವಾಗಿ ಬಿಟ್ಟಿರೋ, ಅವರೇ ಬಿಡಿಸಿದರೋ, ಮಿಸ್?’ ‘ಕಿಟಕಿ ಹಾರಿ ಓಡಿಬಂದೆ’ ಎಂದೆ. ಎಲ್ಲರೂ ನಕ್ಕರು. ನಗಲಿ ಎಂದುಕೊಂಡೆ. ನನ್ನ ಭರವಸೆಯೆಲ್ಲ ಅಪ್ಪನ ಮೇಲೆಯೇ ಇತ್ತು. ಆಕಾಶ ತಿಳಿಯಾಗಿತ್ತು, ಶುಕ್ರನನ್ನು ಸ್ಪಷ್ಟವಾಗಿ ಕಂಡೆ ಎಂದು ಅವರು ಪ್ರಬಂಧ ಬರೆದು ಲಂಡನ್ನಿನ ವಿದ್ವಾಂಸರಿಗೆ ಕಳಿಸಿದ್ದಾರೆ. ಅಂದು ಹೊಗೆ ಇತ್ತು ಎಂದರೆ ಆ ಪ್ರಬಂಧವೇ ಸುಳ್ಳಾಗುತ್ತದೆ. ಹತ್ತಿಯ ಬಗ್ಗೆ, ಕೂಲಿಯ ಬಗ್ಗೆ, ಮತದಾರರ ಮುಂದೆ ಅಪ್ಪ ಏನು ಬೇಕಾದರೂ ಹೇಳಿಯಾರು. ಆಕಾಶದ ಬಗ್ಗೆ ಸುಳ್ಳಾಡಲಾರರು ಎಂದು ನಂಬಿದ್ದೆ.

ಅವರು ಬೈಬಲ್ ಮುಟ್ಟಿ ಹೇಳಿದರು: ಅಂದು ಚಿಮಣಿ ಎಂದಿನಂತೆ ಹೊಗೆಯಾಡುತ್ತಿತ್ತು. ಶುಕ್ರ ನನಗೆ ಕಾಣಲಿಲ್ಲ. ಹಂಬಲದ ಭರದಲ್ಲಿ ಕಂಡೆನೆಂದು ಬರೆದೆ, ಆ ಪ್ರಬಂಧವನ್ನು ಹಿಂದಕ್ಕೆ ಪಡೆಯುತ್ತೇನೆ.

ತನ್ನ ಕೀರ್ತಿಯನ್ನೇ ಕಳೆದುಕೊಂಡು ಯಾವ ವಿಜ್ಞಾನಿ ಸುಳ್ಳು ಹೇಳುತ್ತಾನೆ, ಇದು ಸತ್ಯವೇ ಇರಬೇಕು ಎಂದು ನ್ಯಾಯಾಧೀಶರು ತಲೆಬಾಗಿದರು. ದೂರು ವಜಾ. ಊರಿನ ದೊಡ್ಡವರೆಲ್ಲ ಸಾಲುಗಟ್ಟಿ ಅಪ್ಪನ ಕೈ ಕುಲುಕಿದರು. ಹೊರಗೆ ಏಮೋಸ್ ಟೊಪ್ಪಿಗೆ ತೆಗೆದು ನಿಂತಿದ್ದ. ‘ನಮ್ಮದು ಹೋಗ್ಲಿ ಬಿಡಿ ಮಿಸ್, ನಮಗೆ ರೂಢಿ ಆಗಿದೆ. ಆ ಶುಕ್ರನ ಕೈಯನ್ನೂ ಬಿಟ್ಟರಲ್ಲ ಧಣಿ’ ಎಂದ.

ಅಲ್ಲಿಂದ ನೇರವಾಗಿ ಡಾಕ್ಟರ್ ಮನೆಗೆ ಬಂದೆ. ಅವರ ತಂಗಿಯ ಕೋಣೆಯಲ್ಲಿ ನನಗೂ ಒಂದು ಹಾಸಿಗೆ ಹಾಕಿದ್ದಾರೆ. ಕ್ಷಮೆ ಕೇಳಿ ಮನೆಗೆ ಹೋಗು ಎಂದು ಮತ್ತೆ ಬರೆಯಬೇಡ. ಲಿಯೊನೆಲನಿಗೆ ನನ್ನ ಮುತ್ತು. ಅವನನ್ನು ಇಲ್ಲಿಗೆ ಮಾತ್ರ ಕರೆತರಬೇಡ.

ನಿನ್ನ ಮಾತು ಮೀರಿದ ಮಗಳು,
ಹೆಪ್ಸಿ

ತಾ.ಕ.: ನೇರವಾಗಿ ಬಂದೆ ಎಂದು ಬರೆದದ್ದು ನಿಜವಲ್ಲ. ಅಪ್ಪ ನನ್ನನ್ನು ಗಾಡಿಯ ಬಳಿಗೆ ಕರೆದರು. ಬೈಯಲಿಲ್ಲ. ನನ್ನ ತೋಳು ಹಿಡಿದು, ಯಾರಿಗೂ ಕೇಳದ ಹಾಗೆ, ‘ಹೆಪ್ಸೀ, ನೀನೂ ನೋಡಿದ್ಯಲ್ಲ? ಅವನು ಅಲ್ಲಿದ್ದ ಅಲ್ವೇನೇ?’ ಎಂದರು. ಹೌದು ಎನ್ನುವವಳು ಭೂಮಿಯ ಮೇಲೆ ನಾನೊಬ್ಬಳೇ ಇದ್ದೆ. ‘ಇಲ್ಲಪ್ಪ, ಹೊಗೆ ಇತ್ತಲ್ಲ. ನನಗೇನೂ ಕಾಣಲಿಲ್ಲ’ ಎಂದೆ. ನಾನು ಬೇಕೆಂದೇ ಹೇಳಿದ ಮೊದಲ ಸುಳ್ಳು ಅದು. ಹೇಳುವಾಗ ಹಿತವಾಗಿತ್ತು ಅಮ್ಮ.