ಯಾವ ಡಿಲೇ ಪೆಡಲ್?

ಮಾರ್ಚ್ ೧೧, ಮಂಗಳವಾರ

ಡಿಲೇ ಪೆಡಲ್, ಗಿಟಾರಿನಲ್ಲಿ ನುಡಿಸಿದ್ದನ್ನು ಚೂರು ತಡವಾಗಿ ಮತ್ತೆ ಕೇಳಿಸುವ ಆ ಡಬ್ಬಿ, ಇವತ್ತೂ ಕೊಳ್ಳಲಿಲ್ಲ. ಅಂಗಡಿಯಲ್ಲಿದ್ದ ಎರಡು ಬಗೆಯನ್ನೂ ಗಿಟಾರಿಗೆ ಸಿಕ್ಕಿಸಿ ನೋಡಿದೆ. ಒಂದು, ನುಡಿಸಿದ್ದನ್ನು ಹಾಗೆಯೇ ಒಪ್ಪಿಸುತ್ತದೆ. ಇನ್ನೊಂದರಲ್ಲಿ ಪ್ರತಿಧ್ವನಿ ಮಸುಕಾಗುತ್ತಾ ಕರಗುತ್ತದೆ. ಮೊದಲು ಅದು ಬೇಕೆನಿಸಿತು, ಆಮೇಲೆ ಇದು, ಈಗ ಎರಡೂ ಬೇಡ. ತಲೆ ಮೊಸರುಗಡಿಗೆಯಾಗಿದೆ.

"ಎಂಥ ಸದ್ದು ಬೇಕು, ಅದನ್ನಾದ್ರೂ ಹೇಳಿ ಸಾರ್," ಎಂದರು ಅಂಗಡಿಯವರು. ಎರಡನ್ನೂ ಅಲ್ಲೇ ಇಟ್ಟು ಮನೆಗೆ ಬಂದೆ.

ಕೆಲಸದ ಸುಸ್ತೆಂದು ಅಣ್ಣ ಗಿಟಾರ್ ಬಿಟ್ಟ ಮೇಲೆ ಹಿಡಿದ ಹುಚ್ಚು ಇದು. ನಾನು ನುಡಿಸಿದ್ದನ್ನೇ ಅವನೂ ಹಿಂದಿನಿಂದ ನುಡಿಸುತ್ತಿದ್ದ, ಚೂರು ತಡವಾಗಿ, ತನ್ನದೊಂದು ಸ್ವರ ಸೇರಿಸಿ. ನನಗೋ ರೇಗುತ್ತಿತ್ತು.

ಊಟದ ಹೊತ್ತಿಗೆ ಅವನನ್ನೇ ಕೇಳಿದೆ.

"ಯಾವ್ದಾದ್ರೂ ತಗೊಳ್ಳೋ. ಎರಡೂ ನೀನು ಹೇಳಿದ್ದನ್ನೇ ಹೇಳುತ್ತೆ," ಎಂದು ನಕ್ಕ.

ನನಗೆ ನಗು ಬರಲಿಲ್ಲ. ಅವನ ಗಿಟಾರ್ ಇನ್ನೂ ಮಂಚದ ಕೆಳಗೇ ಇದೆ. ನಾಳೆ ಕೇಳಲೇ, ಒಂದೇ ಒಂದು ಸಲ ನುಡಿಸೋ, ಎಷ್ಟು ತಡವಾದರೂ ಪರವಾಗಿಲ್ಲ ಎಂದು...