ವೆಂಕಣ್ಣನವರ ಕೆಮ್ಮು

೧೪ ಫೆಬ್ರವರಿ ೧೯೪೬, ಬೇಸ್ತವಾರ. ರಾಯಚೂರು.

ನಾಳೆ ಸನ್ಮಾನ. ನಾ ಕಛೇರಿಯೊಳಗ ಪಿಟೀಲು ಹಿಡಿದು ನಲವತ್ತು ವರ್ಷ ಆತಂತ ಊರವರು ಸೇರಿ ಮಾಡಾಕತ್ತಾರ. ಶಾಲು ಹೊದಿಸಲಿ, ಹಾರ ಹಾಕಲಿ, ಬ್ಯಾಡ ಅನ್ನಂಗಿಲ್ಲ. ಆದರ ಅರ್ಧ ತಾಸು ನಾ ಒಬ್ಬನ ನುಡಿಸಬೇಕಂತ. ಬೆಳಗಿಂದ ಅದ ಕೊರಿಯಾಕತ್ತದ.

ಸಂಜೀಕ ಸೂಗಪ್ಪ, ಈ ಸನ್ಮಾನ ಮುಂದ ನಿಂತು ಮಾಡಸಾಕತ್ತಾತ, ಒಮ್ಮೆ ನುಡಿಸಿ ನೋಡ್ರಿ ಅಂತ ಸಾಲಿ ಮುಂದಿನ ಹಂದರಕ್ಕ ಕರಕೊಂಡು ಹೋದ. ಕುಂತೆ, ಶ್ರುತಿ ಮಾಡಿದೆ, ಕಮಾನು ಎತ್ತಿದೆ. ಎತ್ತಿದ ಕೈ ಹಂಗ ನಿಂತಿತು.

"ಯಾಕ್ರಿ, ತಂತಿ ಸರಿ ಇಲ್ಲೇನ್ರಿ?" ಅಂದ.

"ಸರಿ ಅದ" ಅಂದೆ.

ನಾ ಕಾಯಾಕತ್ತಿದ್ದು ದೇವದುರ್ಗದ ವೆಂಕಣ್ಣನವರ ಕೆಮ್ಮಿಗೆ. ನಲವತ್ತು ವರ್ಷ ಅವರು ಹಾಡಿದರು, ನಾ ಬೆನ್ನಿಗೆ ನುಡಿಸಿದೆ. ಹಾಡೂಕಿಂತ ಮೊದಲು ಒಂದು ಸಣ್ಣ ಕೆಮ್ಮು ಕೆಮ್ಮತಿದ್ದರು. ಅದು ಕೇಳಿದ ಮ್ಯಾಲ ನನ್ನ ಕಮಾನು ತಂತಿಗೆ ಇಳೀತಿತ್ತು. ದಸರಾದಾಗ ತೀರಿಕೊಂಡರು. ಅಲ್ಲಿಂದ ಇವತ್ತಿನ ತನಕ ನಾ ಪಿಟೀಲಿನ ಪೆಟ್ಟಿಗಿ ತೆರೆದಿರಲಿಲ್ಲ, ಅದು ಸೂಗಪ್ಪಗ ಗೊತ್ತಿಲ್ಲ.

ಮನಿಗೆ ಬಂದು ಮತ್ತ ಕುಂತೆ. ಕೈ ಮತ್ತ ಹಂಗ ಗಾಳ್ಯಾಗ. ಅಡಗಿಮನ್ಯಾಗ ನಮ್ಮಾಕಿ ಗೋಪಮ್ಮ ಒಗ್ಗರಣಿ ಘಾಟಿಗೆ ಕೆಮ್ಮಿದಳು. ಕಮಾನು ತಾನ ಇಳೀತು. ಎಷ್ಟು ಚಂದ ನುಡೀತಂದರ ನನಗ ನಾಚಿಕಿ ಆತು, ಸಿಟ್ಟೂ ಬಂತು.

ಉಣ್ಣಾಕ ನೀಡುವಾಗ, "ನಾಳೆ ನಾ ಮುಂದಿನ ಸಾಲಿನ್ಯಾಗ ಕುಂದರತೀನ್ರಿ" ಅಂದಳು.

"ಕುಂದರು. ಆದರ ಕೆಮ್ಮಬ್ಯಾಡ" ಅಂತ ಗದರಿಸಿದೆ. ಹೂನ್ರಿ ಅಂದು ಸಾರು ನೀಡಿದಳು.

ಈಗ ಮಲಗ್ಯಾಳ. ಎಬ್ಬಿಸಿ, ನಾಳೆ ಒಂದ ಸಲ ಕೆಮ್ಮು ಅಂತ ಯಾವ ಬಾಯಿಲೆ ಹೇಳಲಿ?