ಆಯಿ ಕೊಟ್ಟ ಇಪ್ಪತ್ಮೂರು ಸಾಲು

೩ ಫೆಬ್ರುವರಿ, ಸೋಮವಾರ

ಇವತ್ತಿನ ಕಂಡಕ್ಟರ್ ಕಿವಿಯ ಮೇಲೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದ. ಟಿಕೆಟ್ ಮಷಿನ್ ಬಂದ ಮೇಲೆ ಪೆನ್ನು ಬೇಕಿಲ್ಲ. ಕಿವಿಗೆ ರೂಢಿಯಾಗಿರಬೇಕು, ಖಾಲಿ ಬಿಡಲು ಆಗುವುದಿಲ್ಲ.

ಹುಕ್ಕೇರಿಯಿಂದ ಘಟಪ್ರಭಾವರೆಗೆ ನಿಂತೇ ಬಂದೆ. ಅಲ್ಲಿಂದ ಗೋಕಾಕಕ್ಕೆ ಸೀಟು ಸಿಕ್ಕಿತು. ಪ್ರೆಸ್ಸಿಗೆ ಹತ್ತು ನಿಮಿಷ ತಡ. ಮಾಲೀಕರಾದ ಶ್ರೀಶೈಲ ಸರ್ ಗಡಿಯಾರ ನೋಡಿದರು, ಅಷ್ಟೆ.

ಸರ್ ತರುವ ಪುಸ್ತಕಮಾಲೆಯಲ್ಲಿ ಎಲ್ಲ ಅಂಗೈ ಅಗಲದ ಪುಸ್ತಕಗಳು. ಒಗಟು, ಬೆಂಕಿಕಡ್ಡಿ ಆಟ, ಹಕ್ಕಿಗಳ ಗುರುತು, ನೆರಳು ನೋಡಿ ಹೊತ್ತು ಹೇಳುವುದು. ಶಾಲೆಗಳಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಹೋಗುತ್ತವೆ. ಹತ್ತನೆಯದು ನಾಲಿಗೆ ತೊಡರಿಸುವ ಸಾಲುಗಳದ್ದು. ಅದು ನನ್ನ ಪಾಲಿಗೆ. ಒಳಪುಟದಲ್ಲಿ 'ಸಂಗ್ರಹ: ಸುಮನ್' ಎಂದು ಬರುತ್ತದಂತೆ. ಅದನ್ನು ಒಂದು ಖಾಲಿ ಹಾಳೆಯಲ್ಲಿ ಬರೆದು ನೋಡಿ, ಹರಿದು ಹಾಕಿದೆ.

ಇಂಟರ್ನೆಟ್ಟಿನಿಂದ ಎಪ್ಪತ್ತು ಸಾಲು ಕೂಡಿಸಿದ್ದೆ. ಸರ್ ಓದಿ ಕನ್ನಡಕ ತೆಗೆದರು.

"ಇವು ಎಲ್ಲಾರಿಗೂ ಗೊತ್ತಿದ್ದಾವು ಅಲ್ಲೇನ್ರಿ ಸುಮನ್? ಮೂಡಲಗ್ಯಾಗ ನಮ್ಮವ್ವನ ತವರಮನಿ ಬಾಜೂಕ ಭರಮವ್ವ ಅಂತ ಒಬ್ಬಾಕಿ ಮುದುಕಿ ಅದಾಳ. ಆಕಿ ಬಾಯಾಗ ಒಂದು ಪುಸ್ತಕಾನ ಐತಿ. ಹೋಗಿ ಬರಕೊಂಡ ಬರ್ರಿ."

"ನಾನು... ಒಬ್ಬಾಕಿನ, ಸರ್?"

"ಮತ್ತ ಬ್ಯಾಂಡ್ ಬಾಜಾ ಕಳಸ್ಲೇನು?"

ಗುರುತಿಲ್ಲದ ಮನೆಯ ಬಾಗಿಲು ಬಡಿಯುವುದು ನನ್ನಿಂದ ಆಗದ ಕೆಲಸ. ಎಂ.ಎ. ಮೌಖಿಕ ಪರೀಕ್ಷೆಯಲ್ಲಿ ಗೊತ್ತಿದ್ದ ಉತ್ತರವೇ ಬಾಯಿಗೆ ಬರಲಿಲ್ಲ. ಹನ್ನೊಂದು ನಿಮಿಷ ಮೇಜಿನ ಮೇಲಿದ್ದ ಗಾಜಿನ ಗುಂಡು ನೋಡುತ್ತ ಕೂತಿದ್ದೆ.

೫ ಫೆಬ್ರುವರಿ, ಬುಧವಾರ

ಬಾಗಿಲು ಬಡಿಯುವ ಪ್ರಸಂಗ ಬರಲಿಲ್ಲ. ಎಲ್ಲರೂ ಅಂಗಳದಲ್ಲೇ ಇದ್ದರು. ಕಿತ್ತು ತಂದ ಅರಿಶಿನದ ರಾಶಿ, ಸುತ್ತ ಎಂಟೊಂಬತ್ತು ಹೆಂಗಸರು. ಗಡ್ಡೆಯಿಂದ ಬೆರಳು ಬೆರಳು ಮುರಿದು ಬೇರೆ ಮಾಡುತ್ತಿದ್ದರು. ಎಲ್ಲರ ಕೈ ಹಳದಿ. ನಡುವೆ ಭರಮವ್ವ, ಎಲ್ಲರಿಗೂ 'ಆಯಿ' — ಚಿಕ್ಕ ಮೈ, ದೊಡ್ಡ ಕಿವಿ. ಸೊಸೆ ಗೌರಕ್ಕ ನನಗೊಂದು ಗೋಣಿಚೀಲ ಹಾಸಿದಳು.

ಆಟ ನಡೆದಿತ್ತು. ಒಬ್ಬಳು ಒಂದು ಸಾಲು ಹೇಳುವುದು, ಉಳಿದವರು ಒಬ್ಬೊಬ್ಬರಾಗಿ ಅನ್ನುವುದು. ನಾಲಿಗೆ ಎಡವಿದವರ ಮುಂದೆ ಇನ್ನೊಂದು ಬುಟ್ಟಿ ಗಡ್ಡೆ. ನಗುತ್ತ ನಗುತ್ತ ಕೆಲಸ ಸಾಗುತ್ತಿತ್ತು. ನೋಟ್‌ಬುಕ್ ತೆಗೆದೆ. ಆಯಿ ತನ್ನ ಹಳದಿ ಕೈಯಿಂದ ಅದನ್ನು ಮುಚ್ಚಿದಳು. ರಟ್ಟಿನ ಮೇಲೆ ಐದು ಬೆರಳೂ ಮೂಡಿವೆ.

"ಬರದ್ರ ಬರೂದಿಲ್ಲ ತಂಗಿ. ಅನ್ನಬೇಕು. ಮೂರ ಸಲ, ಒಂದ ಉಸಿರಿನ್ಯಾಗ, ಎಡವದಂಗ ಅಂದ್ರ ಸಾಲು ನಿಂದು. ಆಮ್ಯಾಲ ನಾ ಅದನ್ನ ಅನ್ನೂದಿಲ್ಲ."

"ಯಾಕ್ರಿ ಆಯಿ?"

"ಕೊಟ್ಟಿದ್ದನ್ನ ಹೊಳ್ಳಿ ಬಾಯಾಗ ಹಾಕ್ಕೊಂಡ್ರ ಎಂಜಲಾ ಆಕ್ಕೈತಿ."

ಅವರಲ್ಲಿ ಹಾಗೆಯೇ ನಡೆದು ಬಂದಿದೆ. ಮದುವೆಯಾಗಿ ಹೋಗುವ ಹುಡುಗಿಗೆ ಒಂದೊಂದು ಕೊಡುತ್ತಿದ್ದರಂತೆ. ಈಗ ಯಾರೂ ಕೇಳುವುದಿಲ್ಲ, ಹಾಗಾಗಿ ಆಯಿಯ ಹತ್ತಿರ ಎಲ್ಲ ಉಳಿದಿವೆ.

"ಹೂಂ, ಅನ್ನು" ಎಂದಳು. "ಕರಿ ಕುರಿ ತುರಿಸಿ ತಿರುಗಿತ್ತ, ಬಿಳಿ ಕುರಿ ತಿರುಗಿ ತುರಿಸಿತ್ತ."

ಒಂಬತ್ತು ಜನ ನನ್ನ ಬಾಯಿ ನೋಡಿದರು. ಬಾಯಿ ತೆರೆಯಿತು. ಮಾತು ಹೊರಡಲಿಲ್ಲ. ಯಲ್ಲವ್ವ ಎನ್ನುವವಳು, "ಏ, ಪ್ರೆಸ್ಸಿನವ್ರು ಮೂಕಿನ್ನ ಕಳಸ್ಯಾರಲ್ಲವಾ!" ಎಂದಳು. ನಗು. ನಾನೂ ನಕ್ಕೆ. ನಾಲ್ಕು ಗಂಟೆಯ ಬಸ್ಸಿಗೆ ಬರಿಗೈಯಲ್ಲಿ ಬಂದೆ.

೮ ಫೆಬ್ರುವರಿ, ಶನಿವಾರ

ಎರಡು ದಿನ ಅಡುಗೆಮನೆಯಲ್ಲಿ ಕುರಿ ತುರಿಸಿದೆ. ಅವ್ವ ರೊಟ್ಟಿ ಬಡಿಯುತ್ತ, "ಯಾವ ಕುರಿ ಯಾಕರ ತುರಿಸಿಕೊಳ್ಳಲಿ, ನಿನಗ್ಯಾಕ ಬೇಕಾಗೇತಿ? ಬಿ.ಎಡ್ ಫಾರ್ಮ್ ತುಂಬು" ಎಂದಳು.

ಇವತ್ತು ಹೋದೆ. ಆಯಿ ಕೊಟ್ಟಿಗೆಯಲ್ಲಿ ಒಬ್ಬಳೇ ಸಿಕ್ಕಳು. ಎಮ್ಮೆಯ ಮರೆಯಲ್ಲಿ ನಿಂತು ಅಂದೆ. ಮೂರು ಸಲ. ಒಂದೇ ಉಸಿರು. ಆಯಿ ತಲೆ ಮುಟ್ಟಿದಳು. "ತಗೋ, ನಿಂದು."

ಅಂಗಳಕ್ಕೆ ಬಂದಾಗ ಯಲ್ಲವ್ವ, "ಆಯಿ, ಕರಿ ಕುರಿ ಬಿಡ ಸ್ವಲ್ಪ" ಎಂದಳು. ಆಯಿ ನನ್ನತ್ತ ಗದ್ದ ಎತ್ತಿದಳು. "ಆಕಿ ಕಡೆ ಹೋತು ಅದು." ಎಲ್ಲರೂ ತಿರುಗಿದರು. ನೀರು ಕುಡಿಯುವ ನೆವದಲ್ಲಿ ಒಳಗೆ ಹೋದೆ.

ಬಸ್ಸಿನಲ್ಲಿ ಬಹಳ ಖುಷಿ. ಅರಭಾವಿಯಲ್ಲಿ ಹತ್ತಿದ ಕಾಲೇಜು ಹುಡುಗಿಯರು ಗದ್ದಲ ಹಾಕುತ್ತಿದ್ದರು. ಆ ಗದ್ದಲದೊಳಗೆ ಕಿಟಕಿಗೆ ಮುಖ ಮಾಡಿ ಇನ್ನೂ ಮೂರು ಸಲ ಅಂದೆ.

೧೬ ಫೆಬ್ರುವರಿ, ಭಾನುವಾರ

ನಾಲ್ಕು ಸಾಲು ಆದವು. ಎಲ್ಲವೂ ಕೊಟ್ಟಿಗೆಯಲ್ಲೇ. ಎಮ್ಮೆಗೆ ನನ್ನ ಗುರುತು ಹತ್ತಿದೆ.

ಒಂದು ಗಮನಿಸಿದೆ. ಆಯಿ ಊಟಕ್ಕೆ ಕೂತಾಗ ಖಾರದ ಪಲ್ಯ ಮುಟ್ಟಲಿಲ್ಲ. ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಎಡಗಡೆಯೇ ಅಗಿದಳು. ಬೆಳಿಗ್ಗೆ ಸುಟ್ಟ ತಂಬಾಕಿನ ಪುಡಿ ಹಲ್ಲಿಗೆ ತಿಕ್ಕಿ ಉಗುಳಿದಾಗ ಉಗುಳು ಕೆಂಪಗಿತ್ತು. ಗೌರಕ್ಕನಿಗೆ ಹೇಳಬೇಕೆಂದು ಹಿತ್ತಲವರೆಗೆ ಹೋದೆ. ಅವಳು ಬಟ್ಟೆ ಒಗೆಯುತ್ತಿದ್ದಳು. "ಏನ ಬೇಕಾಗಿತ್ತು?" ಎಂದಳು. "ಏನಿಲ್ಲ" ಎಂದೆ.

೨೭ ಫೆಬ್ರುವರಿ, ಗುರುವಾರ

ಮಧ್ಯಾಹ್ನ ಗೌರಕ್ಕನ ಫೋನ್. ಪ್ರೂಫ್ ನೋಡುತ್ತಿದ್ದೆ.

"ಬೆಳಗಾವಿ ದವಾಖಾನಿಗೆ ಕರಕೊಂಡು ಹೋಗಿದ್ವಿ ಅತ್ತಿನ್ನ. ನಾಲಿಗಿ ಬಾಜೂಕ ಗಂಟು. ಅದ ರೋಗ ಐತಂತ. ಮಾರ್ಚ್ ಹನ್ನೆರಡಕ್ಕ ಆಪರೇಶನ್. ಅರ್ಧಕ್ಕಿಂತ ಜಾಸ್ತಿ ತಗೀತಾರಂತ."

ಕೆಂಪು ಪೆನ್ನಿನ ಮುಚ್ಚಳ ಹಾಕಿದೆ.

"ಅದೀಯೇನ ಸುಮನ್? ಅತ್ತಿ ಹೇಳ್ಯಾಳ, ಆ ಹುಡುಗೀಗೆ ಲಗೂ ಬಾ ಅನ್ನು ಅಂತ. ಆಮ್ಯಾಲ ಮಾತು ತಿಳಿಯೂದಿಲ್ಲಂತ."

ಪ್ರೂಫಿನಲ್ಲಿ ಒಂದೇ ಸಾಲನ್ನು ಎಷ್ಟು ಸಲ ಓದಿದೆನೋ. ತಪ್ಪು ಕಾಣಲಿಲ್ಲ. ಹಿತ್ತಲಲ್ಲಿ "ಏನಿಲ್ಲ" ಎಂದದ್ದೇ ಕಿವಿಯಲ್ಲಿ. ಹನ್ನೊಂದು ದಿನ ಮೊದಲು ಹೇಳಿದ್ದರೆ ಏನಾದರೂ ಬದಲಾಗುತ್ತಿತ್ತೇ? ಡಾಕ್ಟರನ್ನು ಯಾರು ಕೇಳಬೇಕು. ನಾನಂತೂ ಕೇಳಲಾರೆ.

೧ ಮಾರ್ಚ್, ಶನಿವಾರ

ಸರ್‌ಗೆ ಹೇಳಿ ಹತ್ತು ದಿನ ರಜೆ. "ರಜಾ ಯಾಕ್ರಿ, ಇದು ಪ್ರೆಸ್ಸಿನ ಕೆಲಸಾನ. ಎಷ್ಟು ಆಕ್ಕಾವ ಅಷ್ಟು ತರ್ರಿ, ಪಾಪ" ಎಂದರು. ಒಳ್ಳೆಯವರು. ಆದರೆ ಕಣ್ಣು ಕ್ಯಾಲೆಂಡರಿನ ಮೇಲಿತ್ತು.

ಇವತ್ತು ಮೂರು. ಒಟ್ಟು ಏಳು.

೬ ಮಾರ್ಚ್, ಗುರುವಾರ

ಹದಿನೇಳು. ಆಯಿಗೆ ಮಾತಾಡಿದರೆ ನೋವು. ಆದರೂ ಸಾಲು ಹೇಳುವಾಗ ನಾಲಿಗೆ ಎಲ್ಲೂ ತಡೆಯುವುದಿಲ್ಲ. ಹೇಳಿ ಮುಗಿಸಿ ಸೆರಗಿನ ತುದಿಯಿಂದ ಬಾಯಿ ಒತ್ತಿಕೊಳ್ಳುತ್ತಾಳೆ. ನನ್ನ ನಾಲಿಗೆಗೂ ಈಗ ಬಲ ಬಂದಿದೆ, ಎರಡನೇ ಸಲಕ್ಕೇ ಹಿಡಿಯುತ್ತೇನೆ. ಮನೆಗೆ ಹೋಗುವಾಗ ಎಣಿಸುತ್ತೇನೆ. ಎಣಿಸುವಾಗ ಖುಷಿಯಾಗುತ್ತದೆ. ಬರೆಯಲು ನಾಚಿಕೆ, ಆದರೂ ಖರೆ.

೯ ಮಾರ್ಚ್, ಭಾನುವಾರ

ಇಪ್ಪತ್ತೆರಡಾದ ಮೇಲೆ ಆಯಿ, "ಸಾಕಿನ್ನ" ಎಂದಳು.

"ಇನ್ನೊಂದು ಉಳದೈತಿ. ನಮ್ಮವ್ವಂದು. ಅದು ನನಗ ಇರಲಿ."

ಹೂಂ ಎಂದೆ. ನಾನು ಕೇಳಲಿಲ್ಲ. ಆದರೆ ಏಳಲೂ ಇಲ್ಲ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಕೂತು ಆಯಿಯ ಬಾಯಿಯನ್ನೇ ನೋಡುತ್ತಿದ್ದೆ. ನನಗೆ ಮಾತಾಡಲು ಬಾರದು, ಕಣ್ಣಿಂದ ಕೇಳುವುದು ಮಾತ್ರ ಚೆನ್ನಾಗಿ ಬರುತ್ತದೆ. ಎಷ್ಟೋ ಹೊತ್ತಿಗೆ ಆಯಿ ನಕ್ಕಳು. "ಹಂಗ ನೋಡಬ್ಯಾಡ. ತಗೋ ಅದನ್ನೂ."

ಕೊಟ್ಟಳು. ಮೂರು ಸಲ ಅಂದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಇಪ್ಪತ್ಮೂರು.

೧೦ ಮಾರ್ಚ್, ಸೋಮವಾರ

ನಾಳೆ ಅಡ್ಮಿಟ್. ಸಂಜೆ ಹೆಂಗಸರೆಲ್ಲ ಆಯಿಯನ್ನು ಮಾತಾಡಿಸಲು ಬಂದರು. ಒಬ್ಬಳು ಬಾಳೆಹಣ್ಣು, ಒಬ್ಬಳು ಗ್ಲುಕೋಸ್ ಬಿಸ್ಕೀಟು. ಅಂಗಳದಲ್ಲಿ ಕೊನೆಯ ಒಂದು ರಾಶಿ ಅರಿಶಿನ ಇತ್ತು. ಸುಮ್ಮನೆ ಕೂರುವುದು ಹೇಗೆಂದು ಎಲ್ಲರೂ ಮುರಿಯತೊಡಗಿದರು. ಆಯಿಯೂ ಕೂತಳು.

ಯಲ್ಲವ್ವ ಮೂಗು ಒರೆಸಿಕೊಂಡು, "ಆಯಿ, ಒಂದರ ಅನ್ನ. ಕಿವಿಯಾಗ ಇಟ್ಕೊಂಡ ಹೊಕ್ಕೇವಿ" ಎಂದಳು.

"ಯಾವದೂ ಇಲ್ಲವಾ."

"ನಿಮ್ಮವ್ವಂದು? ಅದನ್ನ ಯಾರಿಗೂ ಕೊಟ್ಟಿಲ್ಲಲ್ಲ ನೀ?"

"ನಿನ್ನಿ ಕೊಟ್ಟೆ."

"ಯಾರಿಗಿ?"

ಆಯಿ ನನ್ನನ್ನು ನೋಡಲಿಲ್ಲ. ಉಳಿದವರು ನೋಡಿದರು.

"ಹಂಗಾರ ನೀನ ಅನ್ನವಾ" ಎಂದಳು ಯಲ್ಲವ್ವ. ಕುಹಕ ಇರಲಿಲ್ಲ. ಬೇಡಿಕೊಂಡ ಹಾಗಿತ್ತು. "ಆಯಿ ಕೇಳಲಿ."

ಇಪ್ಪತ್ಮೂರೂ ನಾಲಿಗೆಯ ಹಿಂದೆಯೇ ಇದ್ದವು. ಎಮ್ಮೆಯ ಮುಂದೆ ನೂರು ಸಲ ಅಂದಿದ್ದೇನೆ. ಒಂದು ಗಡ್ಡೆ ಎತ್ತಿಕೊಂಡೆ. ಅದರ ಬೆರಳು ಮುರಿದೆ. ಇನ್ನೊಂದು ಎತ್ತಿಕೊಂಡೆ. ಗಡ್ಡೆ ಮುರಿಯುವ ಸದ್ದು ಅಷ್ಟೆ. ಬಿಸಿಲು ಗೋಡೆಯಿಂದ ಇಳಿಯುವವರೆಗೆ ಹಾಗೆಯೇ. ಆಮೇಲೆ ಒಬ್ಬೊಬ್ಬರಾಗಿ ಎದ್ದು ಹೋದರು.

ಬಾಗಿಲಲ್ಲಿ ಗೌರಕ್ಕ, "ನೀ ಬಂದಿರಲಿಲ್ಲಂದ್ರ ಇವತ್ತ ಅತ್ತಿ ಒಂದರ ಅಂತಿದ್ಲು" ಎಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದರೆ ಚೆನ್ನಾಗಿತ್ತು.

೧೨ ಮಾರ್ಚ್, ಬುಧವಾರ

ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಕರೆದುಕೊಂಡು ಹೋದರಂತೆ. ಮೂರಕ್ಕೆ ಹೊರಗೆ. ಆಪರೇಶನ್ ಚೆನ್ನಾಗಿ ಆಯಿತು ಎಂದು ಗೌರಕ್ಕ ಮೆಸೇಜ್ ಹಾಕಿದ್ದಾಳೆ.

೨ ಏಪ್ರಿಲ್, ಬುಧವಾರ

ಇಷ್ಟು ದಿನ ಹೋಗಲಿಲ್ಲ. ಪ್ರೆಸ್ಸಿನಲ್ಲಿ ಕೆಲಸ ಇತ್ತು ಎಂದು ಬರೆಯಬಹುದು. ಇರಲಿಲ್ಲ.

ಆಯಿ ಹಾಸಿಗೆಯ ಮೇಲೆ ಕೂತಿದ್ದಳು. ಮೂಗಿನಲ್ಲಿ ನಳಿಗೆ. ಕುತ್ತಿಗೆಯ ಮೇಲೆ ಹೊಲಿಗೆಯ ಗೆರೆ. ಗೌರಕ್ಕ ಸಿರಿಂಜಿನಿಂದ ಗಂಜಿ ಬಿಡುತ್ತಿದ್ದಳು. ಆಯಿ ಏನೋ ಅಂದಳು. ಬರೀ ಗಾಳಿ, ನಡುವೆ ಒಂದು 'ಅ'. ಗೌರಕ್ಕ, "ಬಂದ್ಯಾ ಅನ್ನಾಕತ್ತಾಳ" ಎಂದಳು. ಬರೆದು ತೋರಿಸಲು ಆಯಿಗೆ ಅಕ್ಷರ ಬಾರದು.

ಗೌರಕ್ಕ ಪಾತ್ರೆ ತೊಳೆಯಲು ಹೋದಾಗ ಹತ್ತಿರ ಸರಿದೆ. ಅವಳ ಅವ್ವನ ಸಾಲನ್ನು ಮೆಲ್ಲಗೆ ಅಂದೆ. ಹೊಳ್ಳಿಸಿ ಕೊಡಬೇಕೆಂದು. ತೆಗೆದುಕೊಳ್ಳಬೇಕಾದರೆ ಆಯಿಯೂ ಮೂರು ಸಲ ಅನ್ನಬೇಕಲ್ಲ — ಅದು ಹೊಳೆದದ್ದು ಅಂದ ಮೇಲೆ.

ಆಯಿಯ ದವಡೆ ಆಡಿತು. ಒಂದು ಸಲ. ಜೊಲ್ಲು ಇಳಿಯಿತು. ಸೆರಗಿನಿಂದ ಒರೆಸಿಕೊಂಡು ಗೋಡೆಯ ಕಡೆ ತಿರುಗಿದಳು. ನಾನು ಹೊರಡುವವರೆಗೂ ಈ ಕಡೆ ತಿರುಗಲಿಲ್ಲ.

೪ ಏಪ್ರಿಲ್, ಶುಕ್ರವಾರ

ಶ್ರೀಶೈಲ ಸರ್ ಮುಖಪುಟ ತೋರಿಸಿದರು. ಅವರ ಅವ್ವನ ಹತ್ತಿರವಿದ್ದ ಹಳೆಯ ಫೋಟೋ — ಯಾರದೋ ಮದುವೆಯಲ್ಲಿ ಆಯಿ ಬಾಯಿ ತುಂಬ ನಗುತ್ತಿದ್ದಾಳೆ. ಎಂಟು ಪುಟ ಅವಳ ಸಾಲುಗಳಿಗೆಂದು ಖಾಲಿ ಬಿಟ್ಟಿದ್ದಾರೆ.

"ಟೈಪ್ ಮಾಡಿ ಕೊಡ್ರಿ ಸುಮನ್. ಸೋಮವಾರ ಫೈಲ್ ಕಳಸೂದು. ಮುದುಕಿ ಹೆಸರರ ಉಳೀತೈತಿ."

ಉಳಿಯುತ್ತದೆ. ಅದು ಸುಳ್ಳಲ್ಲ. ಕಂಪ್ಯೂಟರ್ ಮುಂದೆ ಕೂತೆ. ಕರಿ ಕುರಿ ಎಂದು ಹೊಡೆದೆ. ಎಷ್ಟು ಸಲೀಸು — ಬೆರಳು ಎಲ್ಲೂ ಎಡವಲಿಲ್ಲ. ಓದುವವರೂ ಕಣ್ಣಲ್ಲೇ ಓದಿ ಪುಟ ತಿರುವುತ್ತಾರೆ. ಯಾರೂ ಯಾರಿಂದಲೂ ತೆಗೆದುಕೊಳ್ಳುವುದಿಲ್ಲ, ಯಾರಿಗೂ ಕೊಡುವುದಿಲ್ಲ. ಸಾಲನ್ನು ಅಳಿಸಿದೆ.

"ಆತೇನ್ರಿ?" ಎಂದರು.

"ತಲಿ ನೋಯಾಕತ್ತೈತಿ ಸರ್."

೬ ಏಪ್ರಿಲ್, ಭಾನುವಾರ, ಮಧ್ಯಾಹ್ನ

ಗೌರಕ್ಕನಿಗೆ ಫೋನ್ ಮಾಡಿದೆ. ನಾನಾಗಿಯೇ, ಮೊದಲ ಸಲ. ಅರಿಶಿನದ ಕೆಲಸ ಮುಗಿದಿದೆ. ಹೆಂಗಸರು ಚದುರಿದ್ದಾರೆ. ಗೌರಕ್ಕ, ಯಲ್ಲವ್ವ, ಇನ್ನು ಮೂವರು ಕಬ್ಬಿನ ಕಳೆ ತೆಗೆಯಲು ಹೋಗುತ್ತಾರಂತೆ. ಅಲ್ಲಿ ಆಯಿಯ ಸಾಲು ಅನ್ನಬೇಕು, ನಾಳೆ ನಾನೂ ಬರುತ್ತೇನೆ ಎಂದೆ.

"ಅಲ್ಲಿ ಯಾರಿಗೈತಿ ಪುರಸೊತ್ತು? ಎಲ್ಲಾರ ಕಿವ್ಯಾಗೂ ಮೊಬೈಲ್ ವೈರ್. ಈಗೇನ್ ಮಾಡ್ತಿ ಬಂದು? ಬಿಸಲಾಗ ಸಾಯ್ತಿ."

"ನನಗೂ ಒಂದ್ ಸಾಲು ಕಳಿ ಕೊಡ್ರಿ."

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಅತ್ತಿ ಕೇಳಾಕ ಆಗೂದಿಲ್ಲಲ್ಲ ಹೊಲದಾಗ" ಎಂದಳು. ಅದು ನನಗೆ ಗೊತ್ತು. ಡಾಕ್ಟರು ರೇಡಿಯೇಶನ್ ಎಂದಿದ್ದಾರೆ, ಆಯಿ ಬೇಡವೆಂದು ಕೈ ಆಡಿಸುತ್ತಿದ್ದಾಳಂತೆ. ಯಲ್ಲವ್ವ ಒಂದಾದರೂ ತೆಗೆದುಕೊಂಡಾಳು ಎಂದೇನೂ ಅನಿಸುವುದಿಲ್ಲ. ತೆಗೆದುಕೊಂಡರೂ ಅವಳು ಯಾರಿಗೆ ಕೊಡಬೇಕು.

ಸರ್‌ಗೆ ಏನೂ ಹೇಳಿಲ್ಲ. ಆ ಎಂಟು ಪುಟಕ್ಕೆ ಇಂಟರ್ನೆಟ್ಟಿನವು ಸಾಕು, ಒಳಪುಟದಲ್ಲಿ ಬೇರೆ ಯಾರದಾದರೂ ಹೆಸರು ಹಾಕಲಿ. ಅವ್ವ ನಾಳೆಯ ಬುತ್ತಿಗೆ ಏನು ಎಂದು ಕೇಳುತ್ತಿದ್ದಾಳೆ. ರೊಟ್ಟಿ ಎಂದಿದ್ದೇನೆ, ಎರಡು ಹೆಚ್ಚು. ಯಾಕೆಂದು ಹೇಳಿಲ್ಲ.

ಆರೂವರೆಯ ಬಸ್ಸು. ಘಟಪ್ರಭಾದಲ್ಲಿ ಇಳಿದು ಗೋಕಾಕದ ಬಸ್ಸು ಹತ್ತುವುದಿಲ್ಲ. ಬಾಜೂ ನಿಂತಿರುವ ಮೂಡಲಗಿಯದು. ಹೊಲದಲ್ಲಿ ಐದು ಜನ. ಎಡವುತ್ತೇನೆ, ನಗುತ್ತಾರೆ. ಯಲ್ಲವ್ವನ ಕಿವಿಯ ವೈರ್ ನಾನೇ ತೆಗೆಯಬೇಕಾಗುತ್ತದೆ. ತೆಗೆದು, ಜೋರಾಗಿ, ಮೊದಲು ಆಯಿಯ ಅವ್ವನದು —